ಹೊಸ ಆಟಗಾರನೂ ಮೆಷಿನ್‌ಗನ್ನಿನ ಆಯ್ಕೆಯೂ
(ಅಂತಿಮ ಬಿ.ಎ. ತರಗತಿಯ ಅರ್ಥಶಾಸ್ತ್ರದ ವಿದ್ಯಾರ್ಥಿ)

ಪರಿಮಿತವಾದ ಸಾಧನಗಳು ಒಂದು ಕಡೆ, ಮಿತಿಯಿಲ್ಲದ ಬಯಕೆಗಳು ಮತ್ತೊಂದು ಕಡೆ. ಇವೆರಡರ ನಡುವೆ ಮನುಷ್ಯನು ಮಾಡಿಕೊಳ್ಳುವ ಆಯ್ಕೆಯ ವಿಚಾರವೇ ಅರ್ಥಶಾಸ್ತ್ರ. 1932ರಲ್ಲಿ ಲಯನೆಲ್ ರಾಬಿನ್ಸ್ ಎಂಬ ಆಂಗ್ಲ ಅರ್ಥಶಾಸ್ತ್ರಜ್ಞರು ಪ್ರತಿಪಾದಿಸಿದ ಈ ನಿಲುವನ್ನು ನಮ್ಮ ತರಗತಿಯಲ್ಲಿ ಕೇಳದವರಿಲ್ಲ. ಪರೀಕ್ಷೆಯಲ್ಲಿ ಬರೆಯದವರೂ ಇಲ್ಲ. ಇದನ್ನು ವಿವರಿಸಲು ಪಠ್ಯಪುಸ್ತಕಗಳು ಬಂದೂಕು ಮತ್ತು ಬೆಣ್ಣೆಯ ಉದಾಹರಣೆಯನ್ನು ಕೊಡುವುದುಂಟು. ದೇಶವೊಂದು ಬಂದೂಕುಗಳನ್ನು ಹೆಚ್ಚಾಗಿ ಮಾಡಿಕೊಂಡರೆ ಬೆಣ್ಣೆಯಲ್ಲಿ ಅಷ್ಟು ಕಡಮೆ ಮಾಡಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಪ್ರಕೃತ ಲೇಖನದಲ್ಲಿ ಬೆಣ್ಣೆಯ ಪ್ರಸ್ತಾಪವಿಲ್ಲ; ಬರಿಯ ಬಂದೂಕುಗಳದೇ ಮಾತು. ಅದೂ ನಿಜವಾದ ಬಂದೂಕುಗಳಲ್ಲ, ಕಂಪ್ಯೂಟರಿನ ಪರದೆಯ ಮೇಲೆ ಆಡುವ ಆಟವೊಂದರವು.

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಆಟದ ಬಂದೂಕಿಗೆ ಏನು ಕೆಲಸ ಎಂದು ಗುರುಹಿರಿಯರು ಹುಬ್ಬೇರಿಸಬಹುದು. ಅವರಿಗೆ ನನ್ನ ವಿನಯಪೂರ್ವಕವಾದ ಉತ್ತರವಿಷ್ಟೆ. ನಮ್ಮ ಸಹಪಾಠಿಗಳಲ್ಲಿ ಅನೇಕರು ರಾತ್ರಿಯ ಹೊತ್ತು ಇಂಥ ಆಟಗಳನ್ನು ಆಡುತ್ತಾರೆ. ಇದು ಯಾರಿಗೂ ತಿಳಿಯದ ಗುಟ್ಟಲ್ಲ. ಆಡಬೇಡಿರೆಂದು ಉಪದೇಶ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಆಡುವುದೇ ಆದರೆ ಬುದ್ಧಿಯಿಂದ ಆಡುವುದು ಹೇಗೆ, ಅದರಿಂದ ಕಲಿಯಬಹುದಾದುದು ಏನು ಎಂದು ಹೇಳುವವರು ಕಡಮೆ. ನಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪುಸ್ತಕದಲ್ಲಿ ಓದಿದ ಮಾತು ಹೊಲದಲ್ಲಿಯೋ ಅಂಗಡಿಯಲ್ಲಿಯೋ ಆಟದಲ್ಲಿಯೋ ನಿಜವಾಗುವುದನ್ನು ಕಂಡಾಗಲೇ ನನ್ನಂಥವನಿಗೆ ಆ ಮಾತಿನಲ್ಲಿ ನಂಬಿಕೆ ಹುಟ್ಟುವುದು. ಆದಕಾರಣ ಈ ಬರೆಹ.

ಆಟದ ಪರಿಚಯ

ಇಲ್ಲಿ ವಿವೇಚನೆಗೆ ತೆಗೆದುಕೊಂಡಿರುವ ಆಟದ ಹೆಸರು ಕೌಂಟರ್-ಸ್ಟ್ರೈಕ್. ಮಿನ್ ಲೆ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ತರುಣರು 1999ರಲ್ಲಿ ಇದನ್ನು ಮತ್ತೊಂದು ಆಟಕ್ಕೆ ಉಪಾಂಗವಾಗಿ ರಚಿಸಿದರು. ಮರುವರ್ಷವೇ, ಎಂದರೆ 2000ದಲ್ಲಿ, ಅಮೆರಿಕದ ವಾಲ್ವ್ ಕಂಪನಿಯು ಇದನ್ನು ಸ್ವತಂತ್ರವಾದ ಆಟವನ್ನಾಗಿ ಹೊರತಂದಿತು. ನಮ್ಮ ನಾಡಿನ ಪಟ್ಟಣಗಳಲ್ಲಿ ಸೈಬರ್ ಕೆಫೆಗಳು ತಲೆಯೆತ್ತಿದ ಕಾಲದಲ್ಲಿ ನಮಗಿಂತ ಹಿರಿಯ ತಲೆಮಾರಿನವರು ಗಂಟೆಗಿಷ್ಟು ಎಂದು ಹಣ ಕೊಟ್ಟು ಆಡಿದ್ದು ಇದನ್ನೇ. ಈಗ ಚಾಲ್ತಿಯಲ್ಲಿರುವ ಕೌಂಟರ್-ಸ್ಟ್ರೈಕ್ 2 ಎಂಬ ರೂಪವು 2023ರ ಸೆಪ್ಟೆಂಬರ್ 27ರಂದು ಬಿಡುಗಡೆಯಾಯಿತು. ಮುಂದೆ ಹೇಳುವ ಬೆಲೆಗಳೂ ಲೆಕ್ಕಗಳೂ ಈ ರೂಪಕ್ಕೆ ಸಂಬಂಧಿಸಿದವು. ತಯಾರಕರು ಇವುಗಳಲ್ಲಿ ಆಗಾಗ ಸಣ್ಣಪುಟ್ಟ ಬದಲಾವಣೆಗಳನ್ನು ಮಾಡುವುದುಂಟು.

ಆಟದ ಕ್ರಮ ಸರಳವಾದುದು. ಐವರ ಎದುರು ಐವರು. ಒಂದು ದಾಳಿಯ ಪಕ್ಷ, ಇನ್ನೊಂದು ರಕ್ಷಣೆಯ ಪಕ್ಷ. ಗೊತ್ತಾದ ಎರಡು ಸ್ಥಳಗಳಲ್ಲಿ ಒಂದರಲ್ಲಿ ಬಾಂಬನ್ನು ಇಡುವುದು ದಾಳಿಕಾರರ ಗುರಿ. ಅದನ್ನು ತಡೆಯುವುದು ರಕ್ಷಕರ ಗುರಿ. ಎದುರು ಪಕ್ಷದವರನ್ನೆಲ್ಲ ಉರುಳಿಸಿದರೂ ಆ ಸುತ್ತು ಗೆದ್ದಂತೆಯೇ. ಒಂದು ಸುತ್ತು ಎರಡು ನಿಮಿಷಕ್ಕೆ ಐದು ಸೆಕೆಂಡು ಕಡಮೆ. ಹನ್ನೆರಡು ಸುತ್ತುಗಳಾದ ಮೇಲೆ ಪಕ್ಷಗಳು ಅದಲುಬದಲಾಗುತ್ತವೆ. ಮೊದಲು ಹದಿಮೂರು ಸುತ್ತುಗಳನ್ನು ಗೆದ್ದವರು ಪಂದ್ಯವನ್ನು ಗೆದ್ದವರು.

ಈ ಆಟವನ್ನು ಇತರ ಗುಂಡಿನ ಆಟಗಳಿಂದ ಬೇರ್ಪಡಿಸುವ ಒಂದು ಅಂಶವಿದೆ. ಇಲ್ಲಿ ಬಂದೂಕು ಬಿಟ್ಟಿಯಾಗಿ ದೊರೆಯುವುದಿಲ್ಲ. ಪ್ರತಿಯೊಂದು ಸುತ್ತಿನ ಆರಂಭದಲ್ಲಿಯೂ ಆಟದ ಹಣವನ್ನು ಕೊಟ್ಟು ಕೊಳ್ಳಬೇಕು. ಮೊದಲ ಸುತ್ತಿಗೆ ಪ್ರತಿಯೊಬ್ಬನಿಗೂ 800 ಡಾಲರು. ಎದುರಾಳಿಗಳನ್ನು ಉರುಳಿಸಿ ಗೆದ್ದರೆ ತಲೆಗೆ 3,250. ಸೋತವರಿಗೂ ಸ್ವಲ್ಪ ಪರಿಹಾರವುಂಟು. ಸೋಲು ಮೇಲಿಂದ ಮೇಲೆ ಬಂದಂತೆ ಅದು 1,400ರಿಂದ ಐನೂರೈನೂರರಂತೆ ಏರಿ 3,400ಕ್ಕೆ ನಿಲ್ಲುತ್ತದೆ. ಇದಲ್ಲದೆ ಎದುರಾಳಿಯೊಬ್ಬನನ್ನು ಉರುಳಿಸಿದಾಗ ಉರುಳಿಸಿದವನಿಗೆ ಬಹುಮಾನವಿದೆ. ಬಹುಮಾನದ ಮೊತ್ತ ಮಾತ್ರ ಎಲ್ಲ ಬಂದೂಕುಗಳಿಗೂ ಒಂದೇ ಅಲ್ಲ. ಈ ಭೇದವೇ ನಮ್ಮ ವಿಚಾರದ ಬೇರು.

ಹಿರಿದು, ಕಿರಿದು

ಮೆಷಿನ್‌ಗನ್ ಎಂಬ ಮಾತನ್ನು ನಮ್ಮವರು ಸಡಿಲವಾಗಿ ಬಳಸುತ್ತಾರೆ. ಗುಂಡಿಯನ್ನು ಒತ್ತಿ ಹಿಡಿದರೆ ಗುಂಡುಗಳು ಸುರಿಯುವ ಬಂದೂಕೆಲ್ಲ ಮೆಷಿನ್‌ಗನ್ ಎಂಬುದು ವಾಡಿಕೆ. ಆದರೆ ಶಾಸ್ತ್ರದ ಪ್ರಕಾರ ಇದರಲ್ಲಿ ಎರಡು ಬಗೆ. ರೈಫಲಿನ ಗುಂಡನ್ನು ಎಡೆಬಿಡದೆ ಹಾರಿಸುವ ಭಾರವಾದ ಆಯುಧವು ನಿಜವಾದ ಮೆಷಿನ್‌ಗನ್. ಹೈರಮ್ ಮ್ಯಾಕ್ಸಿಮ್ ಎಂಬವರು 1884ರಲ್ಲಿ ರಚಿಸಿದ ಯಂತ್ರ ಈ ಜಾತಿಯ ಮೂಲಪುರುಷ. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಸಾವಿರಾರು ಸೈನಿಕರನ್ನು ಕಂದಕಗಳಿಂದ ತಲೆಯೆತ್ತದಂತೆ ಮಾಡಿದ್ದು ಇದೇ ಜಾತಿ. ಪಿಸ್ತೂಲಿನ ಗುಂಡನ್ನೋ ಅದಕ್ಕೆ ಸಮೀಪವಾದ ಕಿರಿಯ ಗುಂಡನ್ನೋ ಹಾರಿಸುವ ಹಗುರವಾದ ಆಯುಧವು ಸಬ್‌ಮೆಷಿನ್‌ಗನ್; ಇದನ್ನು ಈ ಲೇಖನದಲ್ಲಿ ಕಿರು ಮೆಷಿನ್‌ಗನ್ ಎಂದು ಕರೆಯುತ್ತೇನೆ. ಮೊದಲನೆಯದು ಒಂದೆಡೆ ಕುಳಿತು ದಾರಿಯನ್ನು ಕಾಯುವುದಕ್ಕೆ; ಎರಡನೆಯದು ಓಡಾಡುತ್ತ ಹತ್ತಿರದಿಂದ ಹೊಡೆಯುವುದಕ್ಕೆ.

ಕೌಂಟರ್-ಸ್ಟ್ರೈಕ್‌ನಲ್ಲಿ ಹಿರಿಯ ಜಾತಿಯವು ಎರಡೇ: ಎಂ249 ಮತ್ತು ನೆಗೆವ್. ಬೆಲ್ಜಿಯಂ ದೇಶದಲ್ಲಿ ರೂಪುಗೊಂಡ ಮಿನಿಮಿ ಎಂಬ ಬಂದೂಕಿನ ಅಮೆರಿಕದ ರೂಪ ಎಂ249. ಇಸ್ರೇಲಿನ ಮರುಭೂಮಿಯೊಂದರ ಹೆಸರನ್ನು ಹೊತ್ತದ್ದು ನೆಗೆವ್. ಕಿರಿಯ ಜಾತಿಯಲ್ಲಿ ಹಲವು ಇವೆ. ಅವುಗಳಲ್ಲಿ ದಾಳಿಕಾರರಿಗೆ ಮಾತ್ರ ದೊರೆಯುವ ಮ್ಯಾಕ್-10, ರಕ್ಷಕರಿಗೆ ಮಾತ್ರ ದೊರೆಯುವ ಎಂಪಿ9, ಇಬ್ಬರಿಗೂ ದೊರೆಯುವ ಯುಎಂಪಿ-45 ಮತ್ತು ಪಿ90, ಈ ನಾಲ್ಕನ್ನು ನೋಡಿದರೆ ಸಾಕು.

ಆಯ್ಕೆಯ ಪ್ರಶ್ನೆ ಪಂದ್ಯಕ್ಕೆ ಮೊದಲೇ ಹುಟ್ಟುತ್ತದೆ. ಈಗಿನ ರೂಪದಲ್ಲಿ ಕಿರು ಮೆಷಿನ್‌ಗನ್, ಹಿರಿಯ ಮೆಷಿನ್‌ಗನ್, ಚರೆ ಬಂದೂಕು ಇವೆಲ್ಲವನ್ನೂ ಒಂದೇ ನಡುವಣ ದರ್ಜೆಯಲ್ಲಿ ಸೇರಿಸಿದ್ದಾರೆ. ಆ ದರ್ಜೆಯಿಂದ ಆಟಗಾರನು ಐದನ್ನು ಮಾತ್ರ ತನ್ನ ಪಟ್ಟಿಗೆ ಸೇರಿಸಿಕೊಳ್ಳಬಹುದು. ಪಟ್ಟಿಯಲ್ಲಿ ಇಲ್ಲದ್ದನ್ನು ಪಂದ್ಯದ ನಡುವೆ ಕೊಳ್ಳಲಾಗದು. ಅಂದಮೇಲೆ ಅಭಾವವೆಂಬುದು ಹಣಕ್ಕೆ ಮಾತ್ರವಲ್ಲ, ಪಟ್ಟಿಯ ಸ್ಥಳಕ್ಕೂ ಇದೆ.

ಬೆಲೆಯ ಬೆರಗು

ಹೊಸಬನ ಕಣ್ಣು ಮೊದಲು ಹೋಗುವುದು ಎಂ249ರ ಕಡೆಗೆ. ಬೆಲೆ 5,200 ಡಾಲರು. ಇಷ್ಟು ಬೆಲೆಯಿದ್ದ ಮೇಲೆ ಇದು ಎಲ್ಲಕ್ಕಿಂತ ಮೇಲಾದುದೇ ಇರಬೇಕೆಂದು ಅವನು ತರ್ಕಿಸುತ್ತಾನೆ. ನೂರು ಗುಂಡುಗಳು ಒಂದೇ ಬಾರಿಗೆ ತುಂಬಿರುತ್ತವೆ. ನಿಮಿಷಕ್ಕೆ 750ರ ವೇಗದಲ್ಲಿ ಹಾರಿಸಿದರೆ ಎಂಟು ಸೆಕೆಂಡುಗಳ ಕಾಲ ಬಿಡುವಿಲ್ಲದೆ ಹಾರಿಸಬಹುದು. ಗುರಿ ಹಿಡಿಯಲು ಇನ್ನೂ ಕಲಿಯದವನಿಗೆ ನೂರು ಗುಂಡುಗಳೆಂದರೆ ನೂರು ಅವಕಾಶಗಳಂತೆ ತೋರುವುದು ಸಹಜ.

ಆದರೆ ಆ 5,200 ಡಾಲರಿನಿಂದ ಬೇರೆ ಏನನ್ನು ಕೊಳ್ಳಬಹುದಾಗಿತ್ತು? ಇದನ್ನೇ ನಮ್ಮ ಶಾಸ್ತ್ರದಲ್ಲಿ ಅವಕಾಶ ವೆಚ್ಚವೆನ್ನುತ್ತಾರೆ: ಒಂದನ್ನು ಪಡೆಯುವುದಕ್ಕಾಗಿ ಬಿಟ್ಟುಕೊಟ್ಟ ಇನ್ನೊಂದರ ಬೆಲೆ. ದಾಳಿಯ ಪಕ್ಷದವನು ಎಕೆ-47 ರೈಫಲನ್ನು 2,700ಕ್ಕೆ, ಎದೆಗವಚ ಮತ್ತು ಶಿರಸ್ತ್ರಾಣವನ್ನು 1,000ಕ್ಕೆ, ಹೊಗೆಯ ಗ್ರೆನೇಡನ್ನು 300ಕ್ಕೆ, ಕಣ್ಣು ಕೋರೈಸುವ ಗ್ರೆನೇಡುಗಳೆರಡನ್ನು 400ಕ್ಕೆ, ಬೆಂಕಿಯ ಸೀಸೆಯನ್ನು 400ಕ್ಕೆ ಕೊಳ್ಳಬಹುದು. ಒಟ್ಟು 4,800. ಆಟದಲ್ಲಿ ಒಬ್ಬ ನುರಿತ ಯೋಧನಿಗೆ ಬೇಕಾದುದೆಲ್ಲ ಬಂತು. ಇನ್ನೂ 400 ಡಾಲರು ಕೈಯಲ್ಲಿ ಉಳಿಯಿತು. ಎಂ249 ಕೊಂಡವನಿಗೆ ಇದುವರೆಗೆ ಒಂದು ಎದೆಗವಚವೂ ಸಿಕ್ಕಿಲ್ಲ! ಇನ್ನೊಂದು ರೀತಿಯಲ್ಲಿ ನೋಡಿದರೆ, ಒಂದು ಎಂ249ರ ಬೆಲೆಗೆ ಐವತ್ತು ಡಾಲರು ಸೇರಿಸಿದರೆ ಐದು ಮ್ಯಾಕ್-10ಗಳು ಬರುತ್ತವೆ. ಅಂದರೆ ಇಡೀ ತಂಡವೇ ಶಸ್ತ್ರಧಾರಿಯಾಗುತ್ತದೆ.

ಇದು ಇಂದು ನಿನ್ನೆಯ ಕತೆಯೂ ಅಲ್ಲ. ಸೈಬರ್ ಕೆಫೆಗಳ ಕಾಲದ 1.6 ಎಂಬ ಹಳೆಯ ರೂಪದಲ್ಲಿ ಇದೇ ಬಂದೂಕಿಗೆ 5,750 ಡಾಲರು ಇತ್ತು. ಎರಡೆಕರೆ ಹೊಲಕ್ಕೆ ಸ್ವಂತ ಟ್ರ್ಯಾಕ್ಟರು ಕೊಂಡ ಹಾಗೆ. ಟ್ರ್ಯಾಕ್ಟರು ಒಳ್ಳೆಯದಲ್ಲವೆಂದು ಯಾರೂ ಹೇಳರು. ಹೊಲ ಎಷ್ಟು ಎಂಬುದು ಪ್ರಶ್ನೆ. ನಮ್ಮ ಕಡೆಯ ಸಣ್ಣ ಒಕ್ಕಲುಗಳು ಗಂಟೆಯ ಬಾಡಿಗೆಗೆ ಉಳಿಸಿ, ಉಳಿದುದನ್ನು ಬೀಜಕ್ಕೂ ಗೊಬ್ಬರಕ್ಕೂ ಇಡುವುದು ಅರ್ಥಶಾಸ್ತ್ರವನ್ನು ಓದಿ ಅಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದನ್ನು ಬಾಳಿನಲ್ಲಿ ಕಲಿತು.

ನೆಗೆವಿನ ಮರುಳು

ಎರಡನೆಯ ಹಿರಿಯ ಬಂದೂಕು ನೆಗೆವ್. ಇದರ ಬೆಲೆ ಒಂದು ಕಾಲಕ್ಕೆ 5,700 ಡಾಲರು ಇದ್ದಿತು. ಕೊಳ್ಳುವವರಿಲ್ಲದೆ ಹೋದುದರಿಂದಲೋ ಏನೋ 2017ರಲ್ಲಿ ತಯಾರಕರು ಅದನ್ನು ಒಮ್ಮೆಗೇ 2,000ಕ್ಕೆ ಇಳಿಸಿ, ಅದರ ಗುಣವನ್ನೂ ಬದಲಿಸಿದರು. ಈಗ ಬೆಲೆ 1,700. ಗುಂಡುಗಳು 150. ನಿಮಿಷಕ್ಕೆ 800ರ ವೇಗ. ಹನ್ನೊಂದು ಸೆಕೆಂಡುಗಳಿಗೂ ಮಿಕ್ಕಿ ಎಡೆಬಿಡದೆ ಹಾರಿಸಬಹುದು. ಇದರ ವಿಚಿತ್ರವಾದ ಗುಣವೆಂದರೆ, ಮೊದಲ ಕೆಲವು ಗುಂಡುಗಳು ಎತ್ತೆತ್ತಲೋ ಹಾರುತ್ತವೆ. ಹಾರಿಸುತ್ತಲೇ ಇದ್ದರೆ ಗುರಿ ನೆಲೆಗೊಂಡು, ಆಮೇಲಿನ ಗುಂಡುಗಳು ನೂಲು ಹಿಡಿದಂತೆ ಒಂದೇ ಕಡೆಗೆ ಹೋಗುತ್ತವೆ. ಬೇರೆ ಬಂದೂಕುಗಳಲ್ಲಿ ಇದಕ್ಕೆ ತದ್ವಿರುದ್ಧ. ಹೆಚ್ಚು ಹಾರಿಸಿದಷ್ಟೂ ಗುರಿ ಕೆಡುತ್ತದೆ.

ಬೆಲೆ ಕಡಮೆ, ಗುಂಡು ಹೆಚ್ಚು, ಗುರಿಯೂ ಸ್ಥಿರ. ಇನ್ನೇನು ಬೇಕು ಎಂದು ಹೊಸಬನು ಕೇಳಬಹುದು. ಆದರೆ ಬೆಲೆಯ ಚೀಟಿಯಲ್ಲಿ ಕಾಣದ ಕೆಲವು ವೆಚ್ಚಗಳು ಇದಕ್ಕೆ ಉಂಟು. ಮೊದಲನೆಯದು ಕಾಲಿನ ವೆಚ್ಚ. ಕೈಯಲ್ಲಿ ಚಾಕು ಹಿಡಿದವನ ಓಟ ಆಟದ ಅಳತೆಯಲ್ಲಿ ಸೆಕೆಂಡಿಗೆ 250. ನೆಗೆವ್ ಹಿಡಿದವನದು 150 ಮಾತ್ರ. ಬೇರೆಯವನು ಹತ್ತು ಸೆಕೆಂಡಿನಲ್ಲಿ ಮುಟ್ಟುವ ಮೂಲೆಗೆ ಇವನು ಹದಿನೇಳನೆಯ ಸೆಕೆಂಡಿಗೆ ಮುಟ್ಟುತ್ತಾನೆ. ಸ್ಥಳದಿಂದ ಸ್ಥಳಕ್ಕೆ ಹೋಗುವಾಗಲಾದರೂ ಚಾಕುವನ್ನು ಕೈಗೆ ತೆಗೆದುಕೊಳ್ಳಬೇಕೆಂಬುದನ್ನು ಹೊಸಬನು ಮರೆಯಬಾರದು. ಎರಡನೆಯದು ಕಾಲದ ವೆಚ್ಚ. ಗುಂಡು ಮುಗಿದ ಮೇಲೆ ಮತ್ತೆ ತುಂಬುವುದಕ್ಕೆ ಐದು ಸೆಕೆಂಡುಗಳಿಗೂ ಹೆಚ್ಚು ಬೇಕು. ಎದುರಾಳಿಗೆ ಅಷ್ಟು ಸಾಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂರನೆಯದು ಗುಟ್ಟಿನ ವೆಚ್ಚ. ಎಡೆಬಿಡದ ಸದ್ದು ನಮ್ಮ ನೆಲೆಯನ್ನು ಎಲ್ಲರಿಗೂ ಸಾರಿ ಹೇಳುತ್ತದೆ. ನಾಲ್ಕನೆಯದು, ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ದೊಡ್ಡದು, ಅಭ್ಯಾಸದ ವೆಚ್ಚ. ಗುಂಡಿಯನ್ನು ಒತ್ತಿ ಹಿಡಿದು ಕುಳಿತುಕೊಳ್ಳುವವನು ಗುರಿಯನ್ನು ಕಲಿಯುವುದಿಲ್ಲ. ನೆಗೆವಿನಲ್ಲಿ ರೂಢಿಯಾದ ಕೈ ಬೇರೆ ಬಂದೂಕಿಗೆ ಬಂದಾಗ ಅಲ್ಲಿಯೂ ಒತ್ತಿ ಹಿಡಿಯುತ್ತದೆ. ಅಲ್ಲಿ ಅದು ತಪ್ಪು.

ಹಾಗೆಂದು ನೆಗೆವ್ ನಿಷ್ಪ್ರಯೋಜಕವೆಂದು ಹೇಳಲಾಗದು. ಕಿರಿದಾದ ಓಣಿಯನ್ನು ಕಾಯುವ ರಕ್ಷಕನೊಬ್ಬನು ಹೊಗೆಯ ಮೂಲಕ ಗುಂಡಿನ ಮಳೆ ಸುರಿಸಿ ಐವರ ದಾಳಿಯನ್ನು ಕೆಲವು ಸೆಕೆಂಡುಗಳ ಕಾಲ ತಡೆದು ನಿಲ್ಲಿಸಬಲ್ಲನು. ಅಷ್ಟರಲ್ಲಿ ಅವನ ಸಂಗಡಿಗರು ನೆರವಿಗೆ ಬರುತ್ತಾರೆ. ಅವನು ಒಬ್ಬನನ್ನೂ ಹೊಡೆಯದೆ ಹೋದರೂ ಕೆಲಸ ಆದಂತೆಯೇ. ಮಹಾಯುದ್ಧದಲ್ಲಿ ಹಿರಿಯ ಮೆಷಿನ್‌ಗನ್ ಮಾಡಿದ್ದೂ ಬಹುಮಟ್ಟಿಗೆ ಇದನ್ನೇ: ಕೊಲ್ಲುವುದಕ್ಕಿಂತ ಹೆಚ್ಚಾಗಿ ಕದಲದಂತೆ ಮಾಡುವುದು.

ಲೆಕ್ಕದ ಮಾತು

ಈಗ ಕಿರು ಮೆಷಿನ್‌ಗನ್ನುಗಳ ಕಡೆಗೆ ಬರೋಣ. ಮ್ಯಾಕ್-10ರ ಬೆಲೆ 1,050, ಯುಎಂಪಿ-45ರದು 1,200, ಎಂಪಿ9ರದು 1,250. ಈ ಮೂರರಲ್ಲಿಯೂ ಎದುರಾಳಿಯೊಬ್ಬನನ್ನು ಉರುಳಿಸಿದರೆ ಬಹುಮಾನ 600 ಡಾಲರು. ಎಕೆ-47, ನೆಗೆವ್, ಎಂ249 ಇವುಗಳಲ್ಲಿ ಅದು 300 ಮಾತ್ರ. ಪಿ90 ಕಿರಿಯ ಜಾತಿಯದೇ ಆದರೂ ಅದಕ್ಕೂ 300 ಎಂದೇ ವಿಧಿಸಿದ್ದಾರೆ. ಬೆಲೆ ಮಾತ್ರ 2,350.

ಬಂದೂಕು ತನ್ನ ಬೆಲೆಯನ್ನು ತಾನೇ ತೀರಿಸಲು ಎಷ್ಟು ಎದುರಾಳಿಗಳನ್ನು ಉರುಳಿಸಬೇಕು? ಭಾಗಾಕಾರ ಮಾಡಿ ನೋಡಿದರೆ ಉತ್ತರ ಸ್ಪಷ್ಟವಾಗುತ್ತದೆ. ಮ್ಯಾಕ್-10ಕ್ಕೆ ಇಬ್ಬರು, ಯುಎಂಪಿಗೂ ಸರಿಯಾಗಿ ಇಬ್ಬರು, ಎಂಪಿ9ಕ್ಕೆ ಇಬ್ಬರಾದರೆ ಐವತ್ತು ಡಾಲರು ಬಾಕಿ ಉಳಿದು ಮೂರನೆಯವನು ಬೇಕಾಗುತ್ತಾನೆ. ನೆಗೆವಿಗೆ ಆರು ಮಂದಿ. ಪಿ90ಕ್ಕೆ ಎಂಟು ಮಂದಿ. ಎಂ249ಕ್ಕೆ ಹದಿನೆಂಟು ಮಂದಿ! ಒಂದು ಸುತ್ತಿನಲ್ಲಿ ಎದುರಿಗಿರುವವರು ಐವರೇ ಎಂಬುದನ್ನು ನೆನಪಿಟ್ಟುಕೊಂಡರೆ ಈ ಕೊನೆಯ ಸಂಖ್ಯೆಯ ಹಾಸ್ಯ ತಿಳಿಯುತ್ತದೆ.

ಒಂದು ಪೂರ್ಣ ಉದಾಹರಣೆಯನ್ನು ತೆಗೆದುಕೊಳ್ಳೋಣ. ರಾಮ, ಸೋಮ, ಭೀಮ ಎಂಬ ಮೂವರು ದಾಳಿಯ ಪಕ್ಷದಲ್ಲಿದ್ದಾರೆ. ಮೊದಲ ಸುತ್ತಿನಲ್ಲಿ ಮೂವರೂ 800ರಲ್ಲಿ 650 ಕೊಟ್ಟು ಎದೆಗವಚ ಕೊಂಡರು. ಮೂವರೂ ಯಾರನ್ನೂ ಉರುಳಿಸದೆ ತಾವೇ ಉರುಳಿದರು. ಆದರೂ ತಂಡ ಎದುರಾಳಿಗಳನ್ನೆಲ್ಲ ಉರುಳಿಸಿ ಗೆದ್ದಿತು. ಪ್ರತಿಯೊಬ್ಬನ ಕೈಯಲ್ಲಿ ಈಗ 150ಕ್ಕೆ 3,250 ಸೇರಿ 3,400 ಡಾಲರು.

ರಾಮನು ಎದೆಗವಚ, ಶಿರಸ್ತ್ರಾಣ ಮತ್ತು ಮ್ಯಾಕ್-10 ಕೊಳ್ಳುತ್ತಾನೆ, ಉಳಿದದ್ದು 1,350. ಸೋಮನು ಎಕೆ-47ಕ್ಕೆ ಆಸೆಪಟ್ಟು ಬರಿಯ ಎದೆಗವಚದೊಡನೆ ಅದನ್ನು ಕೊಳ್ಳುತ್ತಾನೆ, ಉಳಿದದ್ದು 50. ಭೀಮನು ಎದೆಗವಚ, ಶಿರಸ್ತ್ರಾಣ, ನೆಗೆವ್ ಕೊಳ್ಳುತ್ತಾನೆ, ಉಳಿದದ್ದು 700. ಎರಡನೆಯ ಸುತ್ತಿನಲ್ಲಿ ಮೂವರೂ ಇಬ್ಬಿಬ್ಬರನ್ನು ಉರುಳಿಸುವಂಥ ಆಟವಾಡಿ, ತಾವೂ ಉರುಳಿ, ತಂಡ ಅದೇ ರೀತಿಯಲ್ಲಿ ಗೆದ್ದಿತೆಂದು ಬೇರೆ ಬೇರೆಯಾಗಿ ಎಣಿಸಿ ನೋಡೋಣ. ಆಗ ರಾಮನಲ್ಲಿ 5,800, ಸೋಮನಲ್ಲಿ 3,900, ಭೀಮನಲ್ಲಿ 4,550 ಇರುತ್ತದೆ. ಮೂರನೆಯ ಸುತ್ತಿಗೆ ಮೂವರೂ ಎಕೆ-47ನ್ನೂ ಪೂರ್ಣ ಕವಚವನ್ನೂ 3,700 ಕೊಟ್ಟು ಕೊಳ್ಳಬಲ್ಲರು. ಆದರೆ ಅದಾದ ಮೇಲೆ ಸೋಮನ ಕೈಯಲ್ಲಿ ಇನ್ನೂರು. ರಾಮನ ಕೈಯಲ್ಲಿ ಎರಡು ಸಾವಿರದ ನೂರು. ರಾಮನು ಗ್ರೆನೇಡುಗಳನ್ನೆಲ್ಲ ಕೊಳ್ಳಬಹುದು. ಇಲ್ಲವೆ ಬರಿಗೈಯಲ್ಲಿರುವ ಸಂಗಡಿಗನಿಗೆ ಒಂದು ಬಂದೂಕನ್ನು ಕೊಂಡು ಎಸೆಯಬಹುದು. ಹಾಗೆ ಕೊಡುವ ಅವಕಾಶ ಈ ಆಟದಲ್ಲಿದೆ.

ಸೋಲಿನ ಲೆಕ್ಕವನ್ನೂ ನೋಡಬೇಕು. ಗೆಲುವನ್ನು ಮಾತ್ರ ನಂಬಿ ಲೆಕ್ಕ ಹಾಕುವವನು ಗೃಹಸ್ಥನಲ್ಲ. ಎರಡನೆಯ ಸುತ್ತಿನಲ್ಲಿ ಯಾರನ್ನೂ ಉರುಳಿಸದೆ ತಾವೇ ಉರುಳಿ ತಂಡ ಸೋತಿತೆನ್ನಿ. ಪರಿಹಾರದ 1,400 ಸೇರಿದರೆ ರಾಮನಲ್ಲಿ 2,750, ಭೀಮನಲ್ಲಿ 2,100, ಸೋಮನಲ್ಲಿ 1,450. ರಾಮನಿಗೆ ಮತ್ತೊಮ್ಮೆ ಕವಚ, ಶಿರಸ್ತ್ರಾಣ, ಮ್ಯಾಕ್-10 ಮೂರನ್ನೂ ಕೊಳ್ಳುವ ಶಕ್ತಿ ಇದೆ. ಸೋಮನಿಗೆ ಕವಚ ಕೊಂಡರೆ ಬಂದೂಕಿಲ್ಲ, ಬಂದೂಕು ಕೊಂಡರೆ ಕವಚವಿಲ್ಲ.

ರಾಮನ ಆಯ್ಕೆ ಗೆಲ್ಲುವುದಕ್ಕೆ ಲೆಕ್ಕವಲ್ಲದೆ ಇನ್ನೊಂದು ಕಾರಣವೂ ಇದೆ. ಮೊದಲ ಸುತ್ತು ಸೋತ ಎದುರಾಳಿಗಳಲ್ಲಿ ಎರಡನೆಯ ಸುತ್ತಿಗೆ ಹಣ ಸಾಲದು. ಅನೇಕರು ಕವಚವಿಲ್ಲದೆಯೇ ಬರುತ್ತಾರೆ. ಅಂಥವರ ಮೇಲೆ ಹತ್ತಿರದಿಂದ ಕಿರು ಮೆಷಿನ್‌ಗನ್ ಚೆನ್ನಾಗಿ ನಡೆಯುತ್ತದೆ. ಅದನ್ನು ಹಿಡಿದು ಓಡುವ ವೇಗವೂ ಹೆಚ್ಚು, 240. ಓಡುತ್ತ ಹಾರಿಸಿದರೂ ಗುರಿ ರೈಫಲಿನಷ್ಟು ಕೆಡುವುದಿಲ್ಲ. ನಿಂತು ಹೊಡೆಯಬೇಕೆಂಬ ಶಿಸ್ತು ಇನ್ನೂ ಕೈಗೆ ಬಾರದ ಹೊಸಬನಿಗೆ ಇದು ದೊಡ್ಡ ಉಪಕಾರ. ಆದರೆ ಎದುರಾಳಿಗಳು ಪೂರ್ಣ ಕವಚದೊಡನೆ ರೈಫಲ್ ಹಿಡಿದು ದೂರದಿಂದ ಹೊಡೆಯುವ ಸುತ್ತುಗಳಲ್ಲಿ ಕಿರು ಮೆಷಿನ್‌ಗನ್ನಿನ ಬಲ ಸಾಲದು. ಅಲ್ಲಿ ರೈಫಲೇ ಬೇಕು. ತಲೆಗೆ ತಾಗಿದ ಎಕೆ-47ರ ಒಂದು ಗುಂಡು ಶಿರಸ್ತ್ರಾಣವಿದ್ದರೂ ಕೆಲಸ ಮುಗಿಸುತ್ತದೆ.

ದುಬಾರಿಯೂ ಸರಿಯಾಗುವ ಹೊತ್ತು

ಇಷ್ಟು ಹೇಳಿದ ಮೇಲೆ ಎಂ249ನ್ನು ಎಂದೂ ಕೊಳ್ಳಲೇಬಾರದೆ ಎಂದು ಕೇಳಿದರೆ, ಕೊಳ್ಳಬಹುದಾದ ಹೊತ್ತೂ ಉಂಟು ಎನ್ನಬೇಕು. ಹನ್ನೆರಡನೆಯ ಸುತ್ತು ಮುಗಿದು ಪಕ್ಷ ಬದಲಾದಾಗ ಎಲ್ಲರ ಹಣವೂ ಅಳಿಸಿಹೋಗಿ ಮತ್ತೆ 800ಕ್ಕೆ ಬರುತ್ತದೆ. ಆದಕಾರಣ ಹನ್ನೆರಡನೆಯ ಸುತ್ತಿನಲ್ಲಿ ಉಳಿಸಿದ ಹಣಕ್ಕೆ ಬೆಲೆಯೇ ಇಲ್ಲ. ಹಾಗೆಯೇ ಕೈಯಲ್ಲಿರುವ ಹಣ 16,000ಕ್ಕೆ ಮುಟ್ಟಿದ ಮೇಲೆ ಅದಕ್ಕಿಂತ ಹೆಚ್ಚು ಸೇರುವುದಿಲ್ಲ. ಇಂಥ ಸಂದರ್ಭಗಳಲ್ಲಿ ಅವಕಾಶ ವೆಚ್ಚ ಸೊನ್ನೆಗೆ ಇಳಿಯುತ್ತದೆ. 5,200 ಕೊಟ್ಟರೂ ಬಿಟ್ಟುಕೊಟ್ಟದ್ದು ಏನೂ ಇಲ್ಲ. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಕಂಡಿಲ್ಲ. ಹಸಿದವನ ಕೈಯ ಡಾಲರು ಒಂದು, ಹೊಟ್ಟೆ ತುಂಬಿದವನ ಕೈಯ ಡಾಲರು ಇನ್ನೊಂದು. ಹೊಸಬರು ನೋಡುವುದು ನುರಿತವನು ಎಂ249 ಹಿಡಿದು ಮೆರೆಯುವುದನ್ನು. ಅವನು ಅದನ್ನು ಯಾವ ಸುತ್ತಿನಲ್ಲಿ ಕೊಂಡನೆಂಬುದನ್ನು ನೋಡುವುದಿಲ್ಲ.

ಹೊಸ ಆಟಗಾರನಿಗೆ ಸಂಗ್ರಹವಾಗಿ ಹೇಳುವುದಾದರೆ: ಪಟ್ಟಿಯ ಐದು ಸ್ಥಳಗಳಲ್ಲಿ ಮೊದಲು ಮ್ಯಾಕ್-10 ಅಥವಾ ಎಂಪಿ9ಕ್ಕೂ, ಯುಎಂಪಿಗೂ ಸ್ಥಳ ಕೊಡಬೇಕು. ಓಣಿ ಕಾಯುವುದಕ್ಕೆ ಬೇಕೆಂದರೆ ನೆಗೆವಿಗೆ ಒಂದು ಸ್ಥಳ ಇರಲಿ, ಎಂ249ಕ್ಕೆ ಬೇಡ. ಕವಚ ಮೊದಲು, ಬಂದೂಕು ಆಮೇಲೆ. ಗೆದ್ದ ಮರುಸುತ್ತಿನಲ್ಲಿ ಕಿರು ಮೆಷಿನ್‌ಗನ್, ಹಣ ಕೂಡಿದ ಮೇಲೆ ರೈಫಲು. ಪಿ90ರ ಐವತ್ತು ಗುಂಡುಗಳು ಹೊಸಬನಿಗೆ ಧೈರ್ಯ ಕೊಡುತ್ತವೆ, ನಿಜ. ಆದರೆ ಅದೇ ಬೆಲೆಗೆ 350 ಸೇರಿಸಿದರೆ ಎಕೆ-47 ಬರುತ್ತದೆ. ಕೊನೆಯದಾಗಿ, ತಂಡದವರ ಹಣವನ್ನು ನೋಡದೆ ತಾನೊಬ್ಬನೇ ಕೊಳ್ಳಬಾರದು. ಒಬ್ಬನ ಕೈಯಲ್ಲಿ ದೊಡ್ಡ ಬಂದೂಕು, ನಾಲ್ವರ ಕೈಯಲ್ಲಿ ಪಿಸ್ತೂಲು ಇದ್ದರೆ ಅದು ತಂಡವಲ್ಲ.

ನಿಜವಾದ ರೂಪಾಯಿಯ ಪ್ರಶ್ನೆ

ಇದುವರೆಗೆ ಹೇಳಿದ ಡಾಲರುಗಳೆಲ್ಲ ಆಟದವು. ಕಳೆದುಕೊಂಡರೆ ಯಾರ ಮನೆಯ ಒಲೆಯೂ ಆರುವುದಿಲ್ಲ. ಆದರೆ ಇದೇ ಆಟದ ಪಕ್ಕದಲ್ಲಿ ನಿಜವಾದ ಹಣದ ಒಂದು ಪೇಟೆಯಿದೆ; ಈ ಲೇಖನವನ್ನು ಬರೆಯಲು ಮುಖ್ಯ ಪ್ರೇರಣೆ ಅದೇ.

2013ರ ಆಗಸ್ಟ್ ತಿಂಗಳಲ್ಲಿ ಬಂದೂಕುಗಳಿಗೆ ಬಣ್ಣದ ಹೊದಿಕೆಗಳನ್ನು ಜಾರಿಗೆ ತಂದರು. ಸ್ಕಿನ್ ಎಂದು ಇವುಗಳ ಹೆಸರು. ಇವು ಮುಚ್ಚಿದ ಪೆಟ್ಟಿಗೆಗಳಲ್ಲಿ ಬರುತ್ತವೆ; ಪೆಟ್ಟಿಗೆಯ ಕೀಲಿಗೆ 2.49 ಅಮೆರಿಕನ್ ಡಾಲರು, ಎಂದರೆ ಇನ್ನೂರು ರೂಪಾಯಿಗೂ ಮೇಲೆ, ಕೊಡಬೇಕು. ಒಳಗೆ ಏನಿದೆಯೆಂಬುದು ತೆರೆದ ಮೇಲೆಯೇ ತಿಳಿಯುವುದು. ಚೀನಾ ದೇಶದ ನಿಯಮದಂತೆ 2017ರಲ್ಲಿ ಅಲ್ಲಿ ಪ್ರಕಟಪಡಿಸಿದ ಲೆಕ್ಕದ ಪ್ರಕಾರ ನೂರಕ್ಕೆ ಸುಮಾರು ಎಂಬತ್ತು ಸಲ ಸಿಗುವುದು ಅತ್ಯಂತ ಕೆಳದರ್ಜೆಯ ಹೊದಿಕೆ. ಅತ್ಯಂತ ಅಪರೂಪದ ವಸ್ತು ಸಿಗುವುದು ನೂರಕ್ಕೆ 0.26ರಷ್ಟು, ಎಂದರೆ ಸರಾಸರಿ 385 ಪೆಟ್ಟಿಗೆಗಳಲ್ಲಿ ಒಂದು ಸಲ. ಕೀಲಿಗಳಿಗೆ ಮಾತ್ರವೇ 950 ಡಾಲರಿಗೂ ಹೆಚ್ಚಾಯಿತು. ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ ದೇಶಗಳಲ್ಲಿ ಇದು ಜೂಜಿಗೆ ಸಮವೆಂಬ ಆಕ್ಷೇಪ ಬಂದು, 2018ರಲ್ಲಿ ಅಲ್ಲಿ ಪೆಟ್ಟಿಗೆ ತೆರೆಯುವುದನ್ನು ನಿಲ್ಲಿಸಬೇಕಾಯಿತು. ನಮ್ಮ ದೇಶದಲ್ಲಿಯೂ 2025ರ ಆಗಸ್ಟಿನಲ್ಲಿ ಅಂಗೀಕಾರವಾದ ಆನ್‌ಲೈನ್ ಆಟಗಳ ಕಾಯಿದೆಯು ಹಣವನ್ನು ಪಣವಾಗಿಟ್ಟು ಆಡುವ ಆಟಗಳನ್ನು ನಿಷೇಧಿಸಿ, ಕೌಶಲದ ಸ್ಪರ್ಧೆಗಳನ್ನು ಬೇರೆಯಾಗಿ ಪರಿಗಣಿಸಿದೆ. ಹಣ ಮತ್ತು ಆಟಗಳ ನಡುವಣ ಗೆರೆ ಎಷ್ಟು ಮುಖ್ಯವೆಂಬುದಕ್ಕೆ ಇವೇ ಸಾಕ್ಷಿ.

ಸ್ಕಿನ್ ಹೊದೆಸಿದ ಮ್ಯಾಕ್-10 ಒಂದು ಗುಂಡನ್ನಾದರೂ ಹೆಚ್ಚಾಗಿ ಹಾರಿಸುವುದೆ? ಇಲ್ಲ. ಗುರಿ ಒಂದು ಕೂದಲೆಳೆಯಷ್ಟಾದರೂ ಸ್ಥಿರವಾಗುವುದೆ? ಇಲ್ಲ. ಬಹುಮಾನ 600ಕ್ಕೆ ಬದಲು 601 ಆಗುವುದೆ? ಅದೂ ಇಲ್ಲ. ಹಾಗಿದ್ದೂ ವಿದ್ಯಾರ್ಥಿವೇತನ ಕೈಸೇರಿದ ವಾರದಲ್ಲಿ ಕೀಲಿಗಳ ವ್ಯಾಪಾರ ನಮ್ಮ ಹುಡುಗರಲ್ಲಿ ಬಿರುಸಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಹಣದ ಹಿಂದೆ ಕೆಲವರ ಮನೆಗಳಲ್ಲಿ ತಾಯಿಯ ಕೂಲಿಯಿದೆ. ಕೆಲವರ ಮನೆಗಳಲ್ಲಿ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದ ತಂದೆಯ ಕಾಲಿನ ನೋವಿದೆ. ಇನ್ನೂರು ರೂಪಾಯಿಗೆ ಒಂದು ಒಳ್ಳೆಯ ಆಕರಗ್ರಂಥದ ಹಳೆಯ ಪ್ರತಿ ಬರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯ ಅರ್ಜಿಶುಲ್ಕದಲ್ಲಿ ಒಂದು ಪಾಲು ಸಲ್ಲುತ್ತದೆ. ಅವಕಾಶ ವೆಚ್ಚವೆಂಬ ಪಾಠವನ್ನು ಆಟದೊಳಗೆ ಕರಾರುವಾಕ್ಕಾಗಿ ಕಲಿತವನು, ಐವತ್ತು ಡಾಲರಿನ ವ್ಯತ್ಯಾಸಕ್ಕಾಗಿ ಎಂಪಿ9ನ್ನು ಬಿಟ್ಟು ಯುಎಂಪಿಯನ್ನು ಕೊಳ್ಳುವವನು, ಆಟದ ಹೊರಗೆ ಅದನ್ನೇ ಮರೆತರೆ ಆ ಕಲಿಕೆಯಿಂದ ಬಂದ ಲಾಭವೇನು?

ಆಟವಾಡುವ ಗೆಳೆಯರು ಈ ಮಾತನ್ನು ಬೇಸರಪಟ್ಟುಕೊಳ್ಳದೆ ಕೇಳಬೇಕೆಂದು ಪ್ರಾರ್ಥನೆ. ಬಂದೂಕಿನ ಬೆಲೆ ಪಟ್ಟಿಯಲ್ಲಿ ಬರೆದಿರುತ್ತದೆ. ಅದು ಎಲ್ಲರಿಗೂ ಒಂದೇ. ಅದರ ಯೋಗ್ಯತೆ ಮಾತ್ರ ಹಿಡಿದ ಕೈ ಯಾವುದು, ಸುತ್ತು ಎಷ್ಟನೆಯದು, ಮುಂದಿನ ಸುತ್ತಿಗೆ ಉಳಿಯುವುದೆಷ್ಟು ಎಂಬುದನ್ನು ಅವಲಂಬಿಸಿದೆ. ಮೆಷಿನ್‌ಗನ್ನನ್ನು ಆರಿಸುವಾಗ ಈ ಮೂರನ್ನೂ ಕೇಳಿಕೊಳ್ಳುವ ಅಭ್ಯಾಸ ಬಂದರೆ, ಮುಂದೆ ಕೋರ್ಸನ್ನು ಆರಿಸುವಾಗಲೂ ಸಾಲಕ್ಕೆ ಸಹಿ ಹಾಕುವಾಗಲೂ ಅದು ನಮ್ಮ ನೆರವಿಗೆ ಬಂದೀತು. ಹಾಗಾದಲ್ಲಿ ರಾತ್ರಿಯ ಆಟದ ಹೊತ್ತು ಪೂರ್ತಿಯಾಗಿ ವ್ಯರ್ಥವಾಯಿತೆಂದು ನಮ್ಮ ಗುರುಗಳೂ ಹೇಳಲಾರರು.